ಸುಹೈಲ್, ಎರಡನೇ ತರಗತಿ 'ಬಿ'

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ, ಆರನೇ ನಂಬರು,
ಹಳೆ ಮಾಲಿನ ಗಲ್ಲಿಯಲ್ಲಿ ನನ್ನದು
ಅಳಿಸುವ ಕೆಲಸ.

ಶಾಲೆಗಳು ಬೇಡವೆಂದ ಟ್ಯಾಬು ಬರುತ್ತವೆ ರಟ್ಟಿನ ಪೆಟ್ಟಿಗೆಯಲ್ಲಿ,
ಮೂರು ವರ್ಷಕ್ಕೇ ಮುದಿಯಾದವು.
ಬೆನ್ನಿಗಂಟಿಸಿದ ಹೆಸರು ಕೆರೆದು,
ಗಾಜಿಗೆ ಸ್ಪಿರಿಟ್ ಒರೆಸಿ,
ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದರೆ
ಹನ್ನೊಂದು ಎಣಿಸುವುದರೊಳಗೆ
ಒಂದು ಮಗುವಿನ ಇಡೀ ವರ್ಷ ಹೋಗುತ್ತದೆ:
ಕೂಡಿದ್ದು, ಕಳೆದದ್ದು, ಒಂದು ನೀಲಿ ಒಂಟೆ,
ಹಲ್ಲು ಬಿದ್ದ ದಿನದ ಫೋಟೊ.

ಗಂಗೊಳ್ಳಿಯಲ್ಲಿ ನಾವು ಸ್ಲೇಟು ಒರೆಸುತ್ತಿದ್ದದ್ದು
ನೀರುಕಡ್ಡಿಯಿಂದ.
ಬಾವಿಕಟ್ಟೆಯ ಸಂದಿಯಲ್ಲಿ ಕಿತ್ತದ್ದು,
ಒಂದು ಕಡ್ಡಿಗೆ ಎರಡು ಚೂರು ಬಳಪ, ಅದು ದರ.
ಎಷ್ಟು ಒರೆಸಿದರೂ ನಿನ್ನೆಯ ಮಗ್ಗಿ
ಮಸುಕಾಗಿ ಅಡಿಯಲ್ಲೇ ಇರುತ್ತಿತ್ತು.
ಇದರಲ್ಲಿ ಹಾಗಲ್ಲ. ಹೋದದ್ದು ಹೋಯಿತು.

ಒಂದನ್ನು ನಾನು ಅಳಿಸಲಿಲ್ಲ.

ಅದರೊಳಗೆ ಓದು ಕಲಿಸುವ ಒಂದು ಆ್ಯಪು,
ಮಾರ್ಚ್ ತನಕ ದುಡ್ಡು ಕಟ್ಟಿದ್ದು.
ಹೊಸದಾಗಿ ತೆರೆಯ ಹೋದರೆ
ತಲೆಗೆ ನೂರೆಂಬತ್ತು ದಿರ್ಹಮ್ ಕೇಳುತ್ತದೆ,
ತಲೆ ಅಂದರೆ ಮಗುವಿನ ತಲೆ.
ನಮ್ಮೂರ ಶಾಲೆಯಲ್ಲಿ ಮೂವತ್ತೇಳು.
ಗುಣಿಸಿ ನೋಡಿದೆ. ಗುಣಿಸಿದ್ದನ್ನು ಅಳಿಸಿದೆ.

ಟ್ಯಾಬಿನ ಬೆಲೆಯನ್ನು ಮೊಯ್ದು ಇಕ್ಕ
ಸಂಬಳದಲ್ಲಿ ಹಿಡಿದುಕೊಂಡರು.
ಒಳಗಿದ್ದ ಹುಡುಗನಿಗೆ ನಾನು ಏನೂ ಕೊಡಲಿಲ್ಲ.
ಅದು ಕಳವೇ.
ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ
ಖರ್ಜೂರದ ಡಬ್ಬಿಯ ಕೆಳಗೆ, ಲುಂಗಿ ಸುತ್ತಿ ಕಳಿಸಿದೆ.

ಜಲಜಾಕ್ಷಿ ಟೀಚರ ವಾಯ್ಸ್ ಮೆಸೇಜು:
"ತೆರೆದ ಕೂಡಲೇ 'ವೆಲ್‌ಕಮ್ ಸುಹೈಲ್' ಅನ್ನುತ್ತದಲ್ಲ ಮಾರಾಯ,
ಹೆಸರು ಬದಲಿಸಲಿಕ್ಕೆ ಬಿಡುವುದಿಲ್ಲ.
ಮಕ್ಕಳು ಕೇಳುತ್ತಾರೆ,
ಟೀಚರ್, ಸುಹೈಲ್ ಯಾರು, ಯಾವಾಗ ಬರುತ್ತಾನೆ?"

ಕರೆಂಟು ಹತ್ತರಿಂದ ಹನ್ನೊಂದೂವರೆ.
ತಲೆಗೆ ಎರಡು ನಿಮಿಷ, ಹಾಜರಿ ಪಟ್ಟಿಯ ಸಾಲಿನಲ್ಲಿ.
ಮನೆಯಲ್ಲಿ ಕೊಂಕಣಿ, ಕರಿಹಲಗೆಯಲ್ಲಿ ಕನ್ನಡ,
ಗಾಜಿನೊಳಗೆ ಹಿಮದ ಮನುಷ್ಯನ ಇಂಗ್ಲಿಷು.
ಕಿತ್ತಳೆ ಬಣ್ಣದ ಒಂದನ್ನು ತೋರಿಸಿ ಇದು ಮೀನೇ ಎಂದು ಕೇಳಿತಂತೆ;
ಮೀನು ಪೇಟೆಯಲ್ಲಿ ಇಂಥದ್ದನ್ನು ಕಂಡೇ ಇಲ್ಲ ಎಂದು
ನವಮಿ ಖಾರ್ವಿ 'ಅಲ್ಲ' ಒತ್ತಿದಳು.
ತಪ್ಪು, ಅಂದಿತು.

ಮೂವತ್ತೇಳು ಬೆರಳು, ಒಂದೇ ಹೆಸರು.
ಸರಿ ಹೇಳಿದರೆ ನಕ್ಷತ್ರ ಸುಹೈಲನಿಗೆ,
ತಪ್ಪಿದರೆ ಮರ್ಯಾದೆ ಹೋಗುವುದೂ ಸುಹೈಲನದ್ದೇ.
ತಿಂಗಳ ಕೊನೆಗೆ ಯಂತ್ರ ವರದಿ ಬರೆಯಿತು:
ಸುಹೈಲ್ ಒಮ್ಮೆ ಸರಾಗ ಓದುತ್ತಾನೆ,
ಮರುಗಳಿಗೆ ಅಕ್ಷರವನ್ನೇ ಗುರುತಿಸುವುದಿಲ್ಲ.
ಸುಹೈಲನಿಗೆ ಗಮನ ಕಡಿಮೆ.
ಪಾಲಕರು ದಿನಾ ಹದಿನೈದು ನಿಮಿಷ ಜೊತೆಗೆ ಕೂರಬೇಕು.

ಪಾಲಕರು ಬೋಟಿನಲ್ಲಿದ್ದರು.
ಅಲ್ಲ, ವರದಿ ಹೋದದ್ದು ಬೇರೆ ಪಾಲಕರಿಗೆ,
ಇಲ್ಲೇ, ಅಲ್ ಖಾನ್ ಕಡೆಯ ಯಾವುದೋ ಹದಿನಾಲ್ಕನೇ ಮಹಡಿಗೆ.
ಅಲ್ಲೊಬ್ಬಳು ತಾಯಿ ಫೋನು ನೋಡಿ,
ಹೊಸ ಟ್ಯಾಬಿಗೆ ಬಗ್ಗಿ ಕೂತ ಮಗನನ್ನು ನೋಡಿ,
ಬೈದಳೋ ಏನೋ,
ಮೂವತ್ತೇಳು ಮಂದಿಯ ತಪ್ಪಿಗೆ ಒಬ್ಬನನ್ನು.
ಇದು ಹೊಳೆದ ರಾತ್ರಿ ಬಂಕಿನಲ್ಲಿ ಮಗ್ಗುಲು ಬದಲಿಸಿದ್ದೇ ಬಂತು.

ಸುಹೈಲ್ ಅಂದರೆ ಒಂದು ಚುಕ್ಕಿ, ಅನ್ನುತ್ತಾನೆ
ಸೂಡಾನಿನ ವಾಚ್‌ಮನ್ ಅಬ್ಕರ್.
ಆಗಸ್ಟ್ ಕೊನೆಯ ಬೆಳಗಿನ ಜಾವ ಅದು ತೆಂಕಣದಲ್ಲಿ ಕಂಡರೆ
ಸೆಕೆ ಇಳಿಯುವ ಹೊತ್ತು ಬಂತು ಅಂತ.
ಈಗ ತೋರಿಸು ಅಂದೆ. ಗೋಡೌನಿನ ದೀಪಗಳ ಬೆಳಕಿಗೆ ಕಾಣಲಿಲ್ಲ.
ಅಪ್ಪ ಬಲೆ ಬಿಡುವಾಗ ಕೈಯೆತ್ತಿ ಅಗಸ್ತ್ಯ ಅನ್ನುತ್ತಿದ್ದದ್ದು
ಇದನ್ನೇ ಇರಬೇಕು.

ಮಾರ್ಚ್ ಮುಗಿಯಿತು, ಪರದೆ ಬೂದುಬಣ್ಣಕ್ಕೆ ತಿರುಗಿತು.
ಟ್ಯಾಬು ಬೀರುವಿನಲ್ಲಿದೆ, ಸ್ಟಾಕ್ ರಿಜಿಸ್ಟರಿನಲ್ಲಿ ಅದಕ್ಕೊಂದು ನಂಬರು.
ಆದರೆ ಹಾಜರಿ ಮೂವತ್ತೇಳಕ್ಕೆ ಮುಗಿಸಲು
ಮಕ್ಕಳು ಬಿಡುವುದಿಲ್ಲವಂತೆ.
ಟೀಚರು ಕೊನೆಗೆ ಅವನನ್ನೂ ಕೂಗಬೇಕು,
ಎಲ್ಲರೂ ಎದ್ದು ನಿಲ್ಲುತ್ತಾರಂತೆ.

ಇವತ್ತು ಮತ್ತೆ ಅರವತ್ತು ಬಂದಿವೆ.
ಎಲ್ಲ ಅಳಿಸಿದೆಯಾ ಅಂತ ಮೊಯ್ದು ಇಕ್ಕ ಒಳಗಿಂದ ಕೇಳುತ್ತಾರೆ.
ಗುಂಡಿಯ ಮೇಲೆ ಬೆರಳಿಟ್ಟವನು
ಎಣಿಕೆ ತಪ್ಪಿ
ಮತ್ತೆ ಒಂದರಿಂದ.